ಎಂಟು ಇಂಚಿನ ಉಳುಮೆ: ಸಂರಕ್ಷಿತ ಸಮಾಧಿದಿಬ್ಬವೊಂದರ ಪ್ರಕರಣ ಅಧ್ಯಯನ

ಇದು ಇಂಗ್ಲೆಂಡಿನ ಮೆದು ಸುಣ್ಣಗಲ್ಲಿನ (ಚಾಕ್) ಗುಡ್ಡಸಾಲಿನಲ್ಲಿರುವ ಒಂದು ಜಮೀನಿನ ಕಥೆ. ಕೌಂಟಿ, ಹಳ್ಳಿ, ಜಮೀನಿನ ಹೆಸರುಗಳನ್ನು ಬಿಟ್ಟಿದ್ದೇನೆ. ಗೇಣಿಗೆ ಉಳುವವರನ್ನು ರೈತರು ಎಂದೂ ಭೂಮಿಯ ಒಡೆತನ ಉಳ್ಳವರನ್ನು ಎಸ್ಟೇಟ್ ಎಂದೂ ಕರೆಯುತ್ತೇನೆ. ಗುರುತು ಹತ್ತಬಾರದೆಂದು ಕೆಲವು ಅಳತೆಗಳನ್ನೂ ಘಟನೆಗಳ ಅಂತರವನ್ನೂ ತುಸು ಬದಲಿಸಿದ್ದೇನೆ. ಸ್ಮಾರಕಗಳ ನಿರ್ವಹಣೆಗೆ ಸಲಹೆ ಕೊಡುವ ತಂಡದ ಕಡೆಯಿಂದ ನಾನು ಈ ಕಡತವನ್ನು ನೋಡಿಕೊಂಡೆ. ಕೆಳಗಿನ ತೀರ್ಮಾನಗಳಿಗೆ ಇಡೀ ತಂಡದ ಒಪ್ಪಿಗೆ ಇದೆ ಎಂದು ಭಾವಿಸಬೇಕಾಗಿಲ್ಲ.

ದಿಬ್ಬ ಮತ್ತು ಅದರ ಕಾನೂನು

ಕ್ರಿ.ಪೂ. 3800ರಿಂದ 3400ರ ಆಸುಪಾಸಿನಲ್ಲಿ ಬ್ರಿಟನ್ನಿನ ಮೊದಲ ಬೇಸಾಯಗಾರರು ಕಟ್ಟಿದ ನೀಳವಾದ ದಿಬ್ಬಗಳಿಗೆ ಲಾಂಗ್ ಬ್ಯಾರೋ ಎಂದು ಹೆಸರು. ಇಂಗ್ಲೆಂಡಿನಲ್ಲಿ ಇವು ಸುಮಾರು 500 ದಾಖಲಾಗಿವೆ. ಕಾಟ್ಸ್‌ವೋಲ್ಡ್ ಸೀಮೆಯಲ್ಲಿ ದಿಬ್ಬದೊಳಗೆ ಕಲ್ಲಿನ ಕೋಣೆಗಳಿರುತ್ತವೆ. ಒಳ್ಳೆಯ ಕಟ್ಟುಗಲ್ಲು ಸಿಗದ ಸುಣ್ಣಗಲ್ಲಿನ ನಾಡಿನಲ್ಲಿ ಸಾಮಾನ್ಯವಾಗಿ ಮರದ ಕೋಣೆಯಲ್ಲಿ ಸತ್ತವರ ಎಲುಬುಗಳನ್ನು ಇಟ್ಟು, ಎರಡೂ ಬದಿಯಲ್ಲಿ ಕಂದಕ ತೋಡಿ, ಬಂದ ಬಿಳಿಯ ಮೆದುಗಲ್ಲನ್ನು ಮೇಲೆ ಸುರಿದಿದ್ದಾರೆ. ಮರ ಕೊಳೆತು ಹೋಗಿರುತ್ತದೆ, ಕಂದಕಗಳು ಮಣ್ಣು ತುಂಬಿ ಸಮವಾಗಿರುತ್ತವೆ. ಕಣ್ಣಿಗೆ ಬೀಳುವುದು ಹೊಲದ ನಡುವಿನ ಒಂದು ಉಬ್ಬು, ಅಷ್ಟೇ. ನಮ್ಮ ಪ್ರಕರಣದ ದಿಬ್ಬ ಸುಮಾರು 60 ಮೀಟರ್ ಉದ್ದವಿತ್ತು. ಪೂರ್ವದ ತುದಿ ಅಗಲವಾಗಿಯೂ ಎತ್ತರವಾಗಿಯೂ ಇತ್ತು. ಈ ಜಾತಿಯ ದಿಬ್ಬಗಳಲ್ಲಿ ಹೆಚ್ಚಿನವು ಹಾಗೆಯೇ ಇರುತ್ತವೆ.

ಜನ ಒಳಗೆ ಹೊಕ್ಕು ನೋಡುವ ವೆಸ್ಟ್ ಕೆನೆಟ್‌ನಂಥ ದಿಬ್ಬಗಳಿಗೆ ಬ್ರಿಟನ್ನಿನ ಮೊದಲ ಸ್ಮಾರಕ ಕಾಯ್ದೆಯ, ಅಂದರೆ 1882ರ, ಪಟ್ಟಿಯಲ್ಲಿಯೇ ಜಾಗ ಸಿಕ್ಕಿತ್ತು. ನಮ್ಮದಕ್ಕೆ ಆ ಭಾಗ್ಯ ಬಂದದ್ದು ಇಪ್ಪತ್ತನೆಯ ಶತಮಾನ ಸಾಕಷ್ಟು ಕಳೆದ ಮೇಲೆ. ಈಗ ಇಂಥ ಸ್ಮಾರಕಗಳೆಲ್ಲ 1979ರ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಸರ್ಕಾರದ ಅನುಮತಿಯಿಲ್ಲದೆ ಅಲ್ಲಿ ಗುಳಿ ತೋಡುವುದು, ಮಣ್ಣು ಸುರಿಯುವುದು, ಬೇಲಿಗೂಟ ನೆಡುವುದು ಎಲ್ಲವೂ ಅಪರಾಧ. ಅರ್ಜಿಗಳ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡುವುದು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ. ಕೇಳಲು ಬಿಗಿಯಾಗಿಯೇ ಇದೆ. ಆದರೆ ಈ ಕಾಯ್ದೆ ಮಾಲೀಕರಿಗೆ 'ಕೆಡಿಸಬೇಡಿ' ಎನ್ನುತ್ತದೆಯೇ ಹೊರತು 'ಕಾಪಾಡಿ' ಎನ್ನುವುದಿಲ್ಲ. ಜೊತೆಗೆ 1994ರ ಒಂದು ಆದೇಶ ಕೆಲವು ಬಗೆಯ ಕೆಲಸಗಳಿಗೆ ಸಾರಾಸಗಟಾಗಿ ಒಪ್ಪಿಗೆ ಕೊಟ್ಟುಬಿಟ್ಟಿದೆ. ಅದರ ಮೊದಲ ವರ್ಗದ ಪ್ರಕಾರ, ಹಿಂದಿನ ಆರು ವರ್ಷಗಳಲ್ಲಿ ಅದೇ ಜಾಗದಲ್ಲಿ ಕಾನೂನುಬದ್ಧವಾಗಿ ನಡೆದುಕೊಂಡು ಬಂದ ಬೇಸಾಯವನ್ನು ಪ್ರತ್ಯೇಕ ಅನುಮತಿಯಿಲ್ಲದೆ ಮುಂದುವರಿಸಬಹುದು. ಉಳುವ ನೆಲಕ್ಕೆ ಮುಖ್ಯ ಷರತ್ತು: ಹಿಂದೆ ಉಳುತ್ತಿದ್ದ ಆಳಕ್ಕಿಂತ ಕೆಳಗೆ ಹೋಗಬಾರದು.

ಈ ಪ್ರಕರಣವೆಲ್ಲ ನಿಂತಿರುವುದು ಆ ಒಂದು ಷರತ್ತಿನ ಮೇಲೆ.

ಆಲೂಗಡ್ಡೆಯಿಂದ ಆರಂಭ

ಕಳೆದ ದಶಕದ ಮೊದಲ ವರ್ಷಗಳಲ್ಲಿ, ಆ ಹೊಲವನ್ನು ಒಂದು ಋತುವಿನ ಮಟ್ಟಿಗೆ ಆಲೂಗಡ್ಡೆ ಬೆಳೆಯುವ ಗುತ್ತಿಗೆದಾರನಿಗೆ ಬಿಡಲು ರೈತರು ಯೋಚಿಸಿದರು. ಆ ಕಡೆ ಇದು ಮಾಮೂಲು. ಗೋಧಿಗಿಂತ ಕೈಗೆ ಬರುವ ಹಣವೂ ಹೆಚ್ಚು. ಆಲೂಗಡ್ಡೆಗೆ ಮೊದಲು ಯಂತ್ರವೊಂದು ಮಣ್ಣನ್ನು ಗೋಧಿಯ ಉಳುಮೆಗಿಂತ ಬಹಳ ಆಳದಿಂದ ಎತ್ತಿ, ಜರಡಿ ಹಿಡಿದು, ಕಲ್ಲು ಬೇರ್ಪಡಿಸಿ, ಎತ್ತರದ ಪಾತಿಗಳನ್ನು ಕಟ್ಟುತ್ತದೆ. ದಿಬ್ಬದ ಮೇಲೆ ಹಾಗೆ ಮಾಡಿದರೆ ಅದು ಆರು ವರ್ಷದ ವಿನಾಯಿತಿಯೊಳಗೆ ಬರುವುದಿಲ್ಲ. ವಿಷಯ ಪಕ್ಕದ ಹಳ್ಳಿಯ ಇತಿಹಾಸ ಸಂಘದವರ ಕಿವಿಗೆ ಬಿದ್ದು, ಅವರಿಂದ ಅಧಿಕಾರಿಗಳಿಗೆ ಹೋಯಿತು. ಅಧಿಕಾರಿಗಳಿಂದ ಒಂದು ಪತ್ರ ಬಂತು. ಕಲಂಗಳನ್ನೆಲ್ಲ ಉದ್ಧರಿಸಿದ, ದಂಡದ ಮಾತೂ ಇದ್ದ ಪತ್ರ ಅದು.

ರೈತರ ಉತ್ತರ ಒಂದು ಪುಟದೊಳಗೇ ಇತ್ತು. ಆಲೂಗಡ್ಡೆಯನ್ನು ದಿಬ್ಬದ ಮೇಲೆ ಹಾಕುವ ಉದ್ದೇಶ ತಮಗೆ ಮೊದಲೂ ಇರಲಿಲ್ಲ, ದಿಬ್ಬವನ್ನು ಬಿಟ್ಟು ಉಳಿದ ಹೊಲವನ್ನಷ್ಟೇ ಕೊಡುವ ಮಾತಾಗಿತ್ತು. ತಮ್ಮ ತಂದೆ ಎಂಟು ಇಂಚು ಉಳುತ್ತಿದ್ದರು, ತಾವೂ ಎಂಟು ಇಂಚೇ ಉಳುತ್ತೇವೆ, ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ಇನ್ನು ಮುಂದೆ ಬರುವವರು ಮೊದಲು ಫೋನ್ ಮಾಡಿ ಬರಲಿ. ಮೂರೂ ನ್ಯಾಯವಾದ ಮಾತುಗಳೇ. ಹೆದರಿಸುವ ಪತ್ರದಿಂದ ಶುರುವಾದ ಸಂಬಂಧ ಹಳಿಗೆ ಬರಲು ಒಂದು ವರ್ಷವೇ ಹಿಡಿಯಿತು. ಕಡತ ನಮ್ಮ ತಂಡಕ್ಕೆ ಬಂದದ್ದು ಆ ವರ್ಷದ ಕೊನೆಗೆ.

ನಾವು ಮೊದಲು ನೋಡಿದ್ದು ಹಳೆಯ ದಾಖಲೆಗಳನ್ನು. ಎರಡನೆಯ ಮಹಾಯುದ್ಧಕ್ಕೂ ಮುಂಚಿನ ಒಂದು ಸಮೀಕ್ಷೆಯ ಟಿಪ್ಪಣಿಯಲ್ಲಿ ದಿಬ್ಬದ ಎತ್ತರ ಆರು ಅಡಿ ಎಂದಿತ್ತು. ಆಗ ಅಲ್ಲಿ ಕುರಿ ಮೇಯುತ್ತಿದ್ದವು. ಯುದ್ಧಕಾಲದಲ್ಲಿ ಆಹಾರ ಬೆಳೆಯಬೇಕೆಂದು ಹುಲ್ಲುಗಾವಲನ್ನು ಉತ್ತರು, ಆಮೇಲೆ ನಿಲ್ಲಿಸಲಿಲ್ಲ. ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತವನ್ನು ಅಳೆಯುವ ಲಿಡಾರ್ ದತ್ತಾಂಶದಲ್ಲಿ ಈಗಿನ ಎತ್ತರ ಮೂರು ಅಡಿಯೂ ಇರಲಿಲ್ಲ. ಎಂಟು ಇಂಚಿನ ಮಿತಿಯನ್ನು ಒಮ್ಮೆಯೂ ಮೀರದೆ ದಿಬ್ಬದ ಅರ್ಧಕ್ಕಿಂತ ಹೆಚ್ಚು ಭಾಗ ಹೋಗಿತ್ತು.

ಕಾರಣ ಸರಳ. ಉಬ್ಬಿದ ನೆಲವನ್ನು ಉತ್ತಾಗ ನೆತ್ತಿಯ ಮಣ್ಣು ಪ್ರತಿ ಸಲವೂ ಸ್ವಲ್ಪ ಇಳಿಜಾರಿಗೆ ಸರಿಯುತ್ತದೆ. ಮಳೆ ಅದನ್ನು ಇನ್ನಷ್ಟು ಕೆಳಗೆ ಒಯ್ಯುತ್ತದೆ. ನೆತ್ತಿ ತಗ್ಗುತ್ತದೆ. ಮರುವರ್ಷದ ಎಂಟು ಇಂಚನ್ನು ಅಳೆಯುವುದು ಈ ತಗ್ಗಿದ ನೆತ್ತಿಯಿಂದ. ಹಾಗಾಗಿ ನೇಗಿಲಿನ ಮೊನೆ ವರ್ಷಕ್ಕಿಷ್ಟು ಹೊಸ, ಅಲ್ಲಿಯ ತನಕ ಯಾರೂ ಮುಟ್ಟದಿದ್ದ ಸುಣ್ಣಗಲ್ಲನ್ನು ಎಬ್ಬಿಸುತ್ತಲೇ ಇರುತ್ತದೆ. ರೈತರ ಮಾತಿನಲ್ಲಿ ಸುಳ್ಳಿಲ್ಲ, ಆದೇಶದ ಉಲ್ಲಂಘನೆಯೂ ಇಲ್ಲ. ಇಲ್ಲಿ ತಪ್ಪಿತಸ್ಥರನ್ನು ಹುಡುಕುತ್ತ ಹೋಗುವುದು ವ್ಯರ್ಥ ಎಂದು ನಮಗೆ ಖಚಿತವಾದದ್ದು ಆಗಲೇ.

ಅಗೆಯಬೇಕೇ?

ಇತಿಹಾಸ ಸಂಘದವರ ವಾದ ಬೇರೆಯಿತ್ತು. ಹೇಗೂ ಹೋಗುತ್ತಿದೆಯಲ್ಲ, ಪೂರ್ತಿ ಹೋಗುವ ಮೊದಲು ಅಗೆದು ತಿಳಿದುಕೊಳ್ಳೋಣ ಎಂದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಗ್ಲಾಸ್ಟರ್‌ಶೈರ್‌ನ ಹೇಜಲ್‌ಟನ್ ನಾರ್ತ್ ದಿಬ್ಬವನ್ನು ಉಳುಮೆಯಿಂದ ಹಾಳಾಗುತ್ತಿದೆ ಎಂದೇ 1979ರಿಂದ 1982ರ ನಡುವೆ ಉತ್ಖನನ ಮಾಡಿದರು. ಅಲ್ಲಿ ಸಿಕ್ಕ ಎಲುಬುಗಳ ಡಿಎನ್‌ಎ ಅಧ್ಯಯನ 2021ರ ಕೊನೆಗೆ ಪ್ರಕಟವಾಯಿತು. ಪರೀಕ್ಷಿಸಿದ 35 ಜನರಲ್ಲಿ 27 ಮಂದಿ ಐದು ತಲೆಮಾರುಗಳ ಒಂದೇ ವಂಶದವರು. ಮೂಲದಲ್ಲಿ ಒಬ್ಬ ಗಂಡಸು, ಅವನಿಂದ ಮಕ್ಕಳನ್ನು ಪಡೆದ ನಾಲ್ವರು ಹೆಂಗಸರು. ನಮ್ಮ ಸಭೆಗಳು ನಡೆಯುತ್ತಿದ್ದಾಗ ಈ ಫಲಿತಾಂಶ ಇನ್ನೂ ಬಂದಿರಲಿಲ್ಲ. ಬಂದಿದ್ದರೆ ಅಗೆಯೋಣ ಎನ್ನುವವರ ದನಿ ಏರುತ್ತಿತ್ತು, ಕಾಯೋಣ ಎನ್ನುವವರ ದನಿಯೂ ಏರುತ್ತಿತ್ತು. ಆ ವಂಶವೃಕ್ಷವನ್ನು ಬಿಡಿಸಿದ ವಿಧಾನ ಅಗೆದವರ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲವಲ್ಲ.

ನಾವು ಬೇಡವೆಂದೆವು. ಒಂದು ಕಾರಣ ಹಣ. ಪೂರ್ಣ ಉತ್ಖನನವೆಂದರೆ ಹಲವು ಋತುಗಳ ಕೆಲಸ, ಅದರ ಬೆನ್ನಿಗೇ ಪ್ರಯೋಗಾಲಯ ಮತ್ತು ವರದಿಯ ವರ್ಷಗಳು. ಅರ್ಧಕ್ಕೆ ನಿಂತರೆ ನೇಗಿಲಿಗಿಂತ ಹೆಚ್ಚಿನ ಹಾನಿ. ಇನ್ನೊಂದು ಕಾರಣ, ಒಳಗೆ ಎಷ್ಟು ಉಳಿದಿದೆ ಎಂಬುದೇ ಆಗ ಯಾರಿಗೂ ತಿಳಿದಿರಲಿಲ್ಲ. ಎಲುಬು ಸಿಕ್ಕೇ ಸಿಗುತ್ತದೆ ಎಂಬ ಭರವಸೆಯೂ ಇರುವುದಿಲ್ಲ. ವಿಲ್ಟ್‌ಶೈರ್‌ನ ಸೌತ್ ಸ್ಟ್ರೀಟ್ ದಿಬ್ಬವನ್ನು 1960ರ ದಶಕದಲ್ಲಿ ಅಗೆದಾಗ ಸಮಾಧಿಯೇ ಸಿಗಲಿಲ್ಲ. ಬದಲಿಗೆ ದಿಬ್ಬದ ತಳದಲ್ಲಿ, ಅದನ್ನು ಕಟ್ಟುವುದಕ್ಕೆ ಮುಂಚಿನ ನೆಲದ ಮೇಲೆ, ಅಡ್ಡಕ್ಕೂ ಉದ್ದಕ್ಕೂ ಹಾಯ್ದ ಗೀರುಗಳು ಕಂಡವು: ನವಶಿಲಾಯುಗದ ಮರದ ನೇಗಿಲು ಬಿಟ್ಟ ಗುರುತುಗಳು.

ಈ ಕೊನೆಯ ಸಂಗತಿಯನ್ನು ನಾನು ರೈತರಿಗೆ ಹೇಳಿದ್ದು ಮಾತಿನ ಮಧ್ಯೆ, ಯಾವ ಲೆಕ್ಕಾಚಾರವೂ ಇಲ್ಲದೆ. ಎಲುಬು, ಪೂಜೆ, ಪೂರ್ವಿಕರು ಎಂದೆಲ್ಲ ಇತರರು ಹೇಳಿದಾಗ ಸುಮ್ಮನೆ ತಲೆಯಾಡಿಸುತ್ತಿದ್ದವರು ಈಗ ಪ್ರಶ್ನೆ ಕೇಳತೊಡಗಿದರು. ಗೀರುಗಳ ಅಂತರ ಎಷ್ಟು, ಎಷ್ಟು ಆಳ, ಎತ್ತು ಎಳೆದಿತ್ತೇ ಮನುಷ್ಯರೇ ಎಳೆದರೇ, ಅಡ್ಡಡ್ಡ ಯಾಕೆ ಉತ್ತರು. ನನಗೆ ಗೊತ್ತಿದ್ದಷ್ಟು ಹೇಳಿದೆ. ತಮ್ಮ ಹೊಲದಲ್ಲಿಯೂ ಅಂಥದ್ದು ಇರಬಹುದೇ ಎಂದರು. ದಿಬ್ಬದ ತಳ ಉಳಿದಿದ್ದರೆ ಇರಬಹುದು ಎಂದೆ. ಹಾಗಾದರೆ ನೋಡಿ ಎಂದು ಅವರೇ ಹೇಳಿದರು. ಹಿಂದಿನ ವರ್ಷ ಅದೇ ಜಮೀನಿನ ಗೇಟಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರನ್ನು ಅವರು ವಾಪಸ್ ಕಳಿಸಿದ್ದರು.

ಪರೀಕ್ಷಾ ಗುಂಡಿಗಳು

ಅನುಮತಿ ಪಡೆದು ಕೆಲವೇ ಸಣ್ಣ ಗುಂಡಿಗಳನ್ನು ತೋಡಿದೆವು. ನೆಲ ಅಗೆಯದೆ, ಉಪಕರಣ ಹಿಡಿದು ಮಣ್ಣಿನಡಿಯ ಕುರುಹುಗಳನ್ನು ಪತ್ತೆಮಾಡುವ ಕಾಂತೀಯ ಸಮೀಕ್ಷೆಯನ್ನೂ ಮಾಡಿಸಿದೆವು. ಸಂರಕ್ಷಿತ ಸ್ಮಾರಕದ ಮೇಲೆ ಅಂಥ ಉಪಕರಣ ಹಿಡಿದು ನಡೆಯುವುದಕ್ಕೂ 1979ರ ಕಾಯ್ದೆಯ 42ನೆಯ ಕಲಮಿನಂತೆ ಪರವಾನಗಿ ಬೇಕು. ಮಾನವ ಅವಶೇಷ ಎದುರಾದರೆ ಕೆಲಸ ನಿಲ್ಲಬಾರದೆಂದು 1857ರ ಸಮಾಧಿ ಕಾಯ್ದೆಯಂತೆ ನ್ಯಾಯ ಸಚಿವಾಲಯದ ಪರವಾನಗಿಯನ್ನು ಮುಂಗಡವಾಗಿಯೇ ತೆಗೆದುಕೊಂಡೆವು. ವಿಕ್ಟೋರಿಯಾ ರಾಣಿಯ ಕಾಲದ ಕಾಯ್ದೆ ಐದೂವರೆ ಸಾವಿರ ವರ್ಷದ ಹಿಂದಿನವರಿಗೂ ಅನ್ವಯಿಸುತ್ತದೆ.

ಗುಂಡಿಗಳು ತೋರಿಸಿದ್ದು ನಾವು ಊಹಿಸಿದ್ದಕ್ಕೆ ಬಹುಮಟ್ಟಿಗೆ ತಿರುಗುಮುರುಗಾಗಿತ್ತು. ಕಣ್ಣಿಗೆ ಕಾಣುವ ನೆತ್ತಿಯೇ ಎಲ್ಲಕ್ಕಿಂತ ಅಪಾಯದಲ್ಲಿತ್ತು. ಅಲ್ಲಿ ಉಳುಮೆಯ ಮಣ್ಣಿನ ಅಡಿಗೆ ನೇರವಾಗಿ ಮೂಲ ಸುಣ್ಣಗಲ್ಲು. ನಡುವೆ ರಕ್ಷಣೆಯ ಪದರ ಎಂಬುದೇ ಇಲ್ಲ. ಬಿಳಿ ಮೈಮೇಲೆ ನೇಗಿಲಿನ ಹೊಸ ಗಾಯಗಳು. ರೈತರು ಗುಂಡಿಯೊಳಗೆ ಕುಳಿತು ಅವುಗಳ ಅಂತರವನ್ನು ಗೇಣಿನಲ್ಲಿ ಅಳೆದು, ಇದು ಈಗಿನ ನೇಗಿಲಿನದೇ, ಹಳೆಯದರದ್ದಲ್ಲ ಎಂದರು. ಅದಕ್ಕಿಂತ ಗಟ್ಟಿ ಸಾಕ್ಷ್ಯ ಯಾವ ವರದಿಯಲ್ಲಿಯೂ ಸಿಗುತ್ತಿರಲಿಲ್ಲ. ಬುಡದಲ್ಲಿಯಾದರೋ ಮೇಲಿನಿಂದ ಜಾರಿದ ಮಣ್ಣು ದಪ್ಪಗೆ ಕೂತು ಕಂದಕಗಳನ್ನು ಮುಚ್ಚಿತ್ತು. ಏನೂ ಕಾಣದ ಕಡೆ ಎಲ್ಲವೂ ಕ್ಷೇಮವಾಗಿತ್ತು. ಕಂದಕದ ಮಣ್ಣಿನಲ್ಲಿ ಸಣ್ಣ ಬಸವನಹುಳುಗಳ ಚಿಪ್ಪುಗಳು ಹಾಗೇ ಇದ್ದವು. ಅವುಗಳ ಜಾತಿ ಗುರುತಿಸಿದರೆ ಆಗ ಅಲ್ಲಿ ಕಾಡಿತ್ತೇ ಬಯಲಿತ್ತೇ ಎಂದು ಹೇಳಬಹುದು.

ಇನ್ನೂ ಒಂದು ಬಯಲಾಯಿತು. ಉತ್ತರದ ಕಂದಕ ಸಂರಕ್ಷಿತ ಪ್ರದೇಶದ ಗೆರೆಯಿಂದ ಹೊರಗಿತ್ತು. ಗೆರೆ ಎಳೆದವರು ಆ ಕಾಲಕ್ಕೆ ಕಾಣುತ್ತಿದ್ದ ಉಬ್ಬನ್ನು ಸುತ್ತಿ, ಒಂದಿಷ್ಟು ಅಂಚು ಬಿಟ್ಟು ನಿಲ್ಲಿಸಿದ್ದರು. ಭಾರತದಲ್ಲಿ 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ ಇರುತ್ತದೆ. ಇಂಗ್ಲೆಂಡಿನಲ್ಲಿ ಹಾಗೆ ನಿಗದಿಯಾದ ವಲಯವಿಲ್ಲ. ನಕ್ಷೆಯ ಗೆರೆ ಮುಗಿದಲ್ಲಿ ಈ ಕಾಯ್ದೆಯೂ ಮುಗಿಯುತ್ತದೆ.

ಪೂರ್ವದ ತುದಿಯ ಗುಂಡಿಯಲ್ಲಿ, ಉಳುಮೆಯ ಮಣ್ಣಿನಲ್ಲಿಯೇ, ಮನುಷ್ಯನ ಎಲುಬಿನ ಒಂದು ಚೂರು ಸಿಕ್ಕಿತು. ಹಾಗಾದರೆ ಕೋಣೆಗೆ ನೇಗಿಲು ತಾಗಿದೆಯೇ? ಅಗಲಿಸಿ ನೋಡುವ ಆಸೆ ಎಲ್ಲರಿಗೂ ಇತ್ತು, ಪರವಾನಗಿಯೂ ಕೈಯಲ್ಲಿತ್ತು. ಆದರೆ ನಾವು ಕೇಳಿಕೊಂಡಿದ್ದ ಪ್ರಶ್ನೆ ಉಳುಮೆ ಎಷ್ಟು ಆಳಕ್ಕೆ ಹೋಗಿದೆ ಎಂಬುದು. ಅದಕ್ಕೆ ಉತ್ತರ ಸಿಕ್ಕಿತ್ತು. ಗುಂಡಿಯನ್ನು ಮುಚ್ಚಿದೆವು. ಸಂಘದ ಕೆಲವರು ಈ ತೀರ್ಮಾನವನ್ನು ಇಂದಿಗೂ ಒಪ್ಪಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಸರಿಯಾಗಿ ನಡೆದ ಕೆಲಸಗಳಲ್ಲಿ ಅದು ಒಂದು.

ಹುಲ್ಲಿನ ಪಟ್ಟಿಯ ಆಕಾರ

ಎರಡು ದಾರಿಗಳಿದ್ದವು. ಒಂದು, ಉಳುಮೆಯನ್ನು ಪೂರ್ತಿ ನಿಲ್ಲಿಸಿ ಹುಲ್ಲಿಗೆ ಬಿಡುವುದು. ಇನ್ನೊಂದು, ಮಣ್ಣು ಮಗುಚುವ ನೇಗಿಲನ್ನು ಬಿಟ್ಟು, ನಮ್ಮ ಬಯಲುಸೀಮೆಯ ಕುಂಟೆಯ ಹಾಗೆ ಮೇಲ್ಪದರವನ್ನಷ್ಟೇ ಕೆದಕುವ ಬೇಸಾಯ. ಆಗ ಜಾರಿಯಲ್ಲಿದ್ದ ಹೈಯರ್ ಲೆವೆಲ್ ಸ್ಟೀವರ್ಡ್‌ಶಿಪ್ ಯೋಜನೆಯಲ್ಲಿ ಎರಡಕ್ಕೂ ಹತ್ತು ವರ್ಷದ ಒಪ್ಪಂದದ ಮೇಲೆ ಸರ್ಕಾರದ ಹಣ ಸಿಗುತ್ತಿತ್ತು. ಮೊದಲನೆಯದಕ್ಕೆ ಎಕರೆವಾರು ಮೊತ್ತ ಎರಡನೆಯದರ ಹಲವು ಪಟ್ಟು. ನೆತ್ತಿಯಲ್ಲಿ ರಕ್ಷಣೆಯ ಪದರವೇ ಉಳಿದಿಲ್ಲ ಎಂದ ಮೇಲೆ ಕುಂಟೆಯೂ ಅಲ್ಲಿ ನೇಗಿಲೇ. ಹುಲ್ಲು ಒಂದೇ ದಾರಿ.

ರೈತರು ತಾತ್ವಿಕವಾಗಿ ಒಪ್ಪಿದರು. ತಕರಾರು ಬಂದದ್ದು ಆಕಾರದ ಬಗ್ಗೆ. ಸಂರಕ್ಷಿತ ಪ್ರದೇಶದ ಗೆರೆ ಮೊಟ್ಟೆಯ ಆಕಾರದ್ದು. ಅವರ ಔಷಧಿ ಸಿಂಪಡಿಸುವ ಯಂತ್ರದ ತೋಳುಗಳ ಅಗಲ 24 ಮೀಟರ್. ಹೊಲದಲ್ಲಿ ಟ್ರ್ಯಾಕ್ಟರಿನ ಗಾಲಿಜಾಡುಗಳೆಲ್ಲ ಆ ಅಂತರಕ್ಕೇ ಹೊಂದಿಕೊಂಡಿರುತ್ತವೆ. ನಡುವೆ ಮೊಟ್ಟೆಯೊಂದು ಬಂದರೆ ಪ್ರತಿ ಸಲವೂ ಬಳಸಿ ಹೋಗಬೇಕು, ಅಂಚಿನಲ್ಲಿ ಎರಡೆರಡು ಸಲ ಔಷಧಿ ಬೀಳುತ್ತದೆ, ಚಾಲಕ ಬೇಸತ್ತು ಒಂದು ದಿನ ಮೇಲೆಯೇ ಹಾಯಿಸುತ್ತಾನೆ. ಅಧಿಕಾರಿಗಳ ಮೊದಲ ನಕ್ಷೆಯಲ್ಲಿ ಈ ಮೊಟ್ಟೆಯೇ ಇತ್ತು. ರೈತರು ಅದರ ಮೇಲೆ ಸ್ಕೇಲ್ ಇಟ್ಟು ನೇರ ಅಂಚಿನ ಆಯತವೊಂದನ್ನು ಎಳೆದರು. ಗಾಲಿಜಾಡಿಗೆ ಸಮಾನಾಂತರವಾಗಿ, ಸಿಂಪಡಿಸುವ ಯಂತ್ರದ ಎರಡು ಸಾಲಿನ ಅಗಲಕ್ಕೆ. ಅದರೊಳಗೆ ಉತ್ತರದ ಕಂದಕ ತಾನಾಗಿಯೇ ಬಂದು ಸೇರಿತು. ನಾವು ಕೇಳಲು ಹಿಂಜರಿಯುತ್ತಿದ್ದಷ್ಟು ಭೂಮಿಯನ್ನು ಅವರು ತಮ್ಮ ಯಂತ್ರದ ಅನುಕೂಲಕ್ಕೆಂದು ಬಿಟ್ಟುಕೊಟ್ಟರು. ಎಸ್ಟೇಟಿನ ಒಪ್ಪಿಗೆ ಅದಾದ ಮೇಲೆ ಬಂತು. ಆ ಮಾತುಕತೆಯಲ್ಲಿ ವಿಶೇಷವಾದದ್ದೇನೂ ಇರಲಿಲ್ಲ, ಪತ್ರಗಳಷ್ಟೇ ಹೆಚ್ಚು. ಆಲೂಗಡ್ಡೆ ಬೇರೆ ಹೊಲಕ್ಕೆ ಹೋಯಿತು.

ಹುಲ್ಲು ಬಂದ ಮೇಲೆ

ಹುಲ್ಲಿಗೆ ಬಿಟ್ಟರೆ ಮುಗಿಯಿತು ಎಂದು ಕಾಗದದ ಮೇಲೆ ಅನ್ನಿಸುತ್ತದೆ. ಮೊದಲ ಎರಡು ಬೇಸಿಗೆ ಅಲ್ಲಿ ಬೆಳೆದದ್ದು ಮುಳ್ಳುಗಿಡವೇ ಹೆಚ್ಚು. ಅದರ ಬೀಜ ಗೋಧಿಗೆ ಹಾರುತ್ತದೆ ಎಂದು ರೈತರು ರೇಗಿದರು, ರೇಗಿದ್ದು ಸರಿಯಾಗಿಯೇ ಇತ್ತು. ಕುರಿ ಬಿಡಬೇಕು, ಕುರಿಗೆ ಬೇಲಿ ಬೇಕು, ಸಂರಕ್ಷಿತ ಪ್ರದೇಶದೊಳಗೆ ಗೂಟ ನೆಡಲು ಅನುಮತಿ ಬೇಕು. ಪಟ್ಟಿ ಗೆರೆಗಿಂತ ಅಗಲವಾಗಿದ್ದುದರಿಂದ ಬೇಲಿಯನ್ನು ಗೆರೆಯ ಹೊರಗೇ, ಕಂದಕವನ್ನೂ ಬಿಟ್ಟು, ಹಾಕಲು ಸಾಧ್ಯವಾಯಿತು. ನೀರಿನ ತೊಟ್ಟಿಯನ್ನು ದೂರದ ಮೂಲೆಯಲ್ಲಿ ಇಟ್ಟೆವು. ಪ್ರಾಣಿಗಳು ದಿನವೂ ನಿಂತು ತುಳಿಯುವ ಜಾಗ ಮಳೆಗಾಲದಲ್ಲಿ ಕೆಸರುಗುಂಡಿಯಾಗುತ್ತದೆ, ದಿಬ್ಬದ ಪಕ್ಕ ಅದು ಬೇಡ.

ಆಮೇಲೆ ಬ್ಯಾಡ್ಜರ್ ಬಂತು. ನಮ್ಮ ತರಕರಡಿಯ ದೂರದ ನೆಂಟ. ಬಿಲ ತೋಡುವುದರಲ್ಲಿ ಅದರಷ್ಟೇ ಗಟ್ಟಿ. ಉಳುಮೆ ನಿಂತ, ನೀರು ನಿಲ್ಲದ, ಮೆದುವಾದ ದಿಬ್ಬಕ್ಕಿಂತ ಒಳ್ಳೆಯ ಮನೆ ಅದಕ್ಕೆ ಆ ಬಯಲಿನಲ್ಲಿ ಇರಲಿಲ್ಲ. ಒಂದು ಚಳಿಗಾಲದಲ್ಲಿ ಅದು ಹೊರಹಾಕಿದ ಮಣ್ಣಿನ ರಾಶಿ ನೋಡಿ, ಹತ್ತು ವರ್ಷದ ಉಳುಮೆಯೇ ವಾಸಿಯಿತ್ತೇನೋ ಎಂದು ಸಂಘದ ಕಾರ್ಯದರ್ಶಿ ಗೊಣಗಿದರು. ಬ್ಯಾಡ್ಜರ್‌ಗೂ ತನ್ನದೇ ಕಾಯ್ದೆಯಿದೆ, 1992ರದು. ಅದರ ಬಿಲವನ್ನು ಮುಟ್ಟಲು ಪರವಾನಗಿ ಬೇಕು. ಮರಿಗಳ ಕಾಲವನ್ನು ಬಿಟ್ಟು, ಸಾಮಾನ್ಯವಾಗಿ ಜುಲೈಯಿಂದ ನವೆಂಬರ್‌ವರೆಗೆ ಮಾತ್ರ ಅದನ್ನು ಕೊಡುತ್ತಾರೆ. ಹೊರಗೆ ಬರಬಹುದಾದ, ಒಳಗೆ ಹೋಗಲಾಗದ ಬಾಗಿಲುಗಳನ್ನು ಬಿಲಗಳಿಗೆ ಕೂರಿಸಿ, ಎಲ್ಲವೂ ಹೊರಬಿದ್ದದ್ದು ಖಚಿತವಾದ ಮೇಲೆ ತಂತಿಬಲೆ ಹಾಸಬೇಕು. ಬಲೆ ಹಾಸಲು ಸ್ಮಾರಕ ಕಾಯ್ದೆಯ ಅನುಮತಿ ಪ್ರತ್ಯೇಕ. ಒಂದು ಕಾಯ್ದೆ ಸತ್ತವರನ್ನು ಕಾಯುತ್ತದೆ, ಇನ್ನೊಂದು ಅವರ ಮನೆಗೆ ಹೊಕ್ಕವರನ್ನು. ಎರಡರ ಅರ್ಜಿಗಳು ಒಂದರ ಹಿಂದೊಂದು ಸಾಗಿ, ಎರಡನೆಯ ಕಾಗದ ಕೈಸೇರುವಷ್ಟರಲ್ಲಿ ನವೆಂಬರ್ ಮುಗಿದಿತ್ತು. ಒಂದು ವರ್ಷ ಪೂರ್ತಿ ಹೋಯಿತು. ಮರುವರ್ಷ ಹತ್ತಿರದ ಕುರುಚಲಿನಲ್ಲಿ ಕೃತಕ ಬಿಲವೊಂದನ್ನು ಮಾಡಿಕೊಟ್ಟು ಅವುಗಳನ್ನು ಸ್ಥಳಾಂತರಿಸಲಾಯಿತು. ಇಂಥ ಜಾಗಗಳಲ್ಲಿ ಎರಡೂ ಅರ್ಜಿಗಳನ್ನು ಚಳಿಗಾಲದಲ್ಲಿಯೇ, ಒಟ್ಟೊಟ್ಟಿಗೆ ಹಾಕಬೇಕು ಎಂದು ನಾವು ಈಗ ಎಲ್ಲರಿಗೂ ಹೇಳುತ್ತೇವೆ.

ಎಲ್ಲಿಗೆ ಬಂತು

ಹತ್ತು ವರ್ಷಗಳ ಕೊನೆಗೆ ಲಿಡಾರ್ ಅಳತೆಯನ್ನು ಮತ್ತೆ ಹೋಲಿಸಿದಾಗ ನೆತ್ತಿ ತಗ್ಗಿರಲಿಲ್ಲ. ಏರಿಯೂ ಇರಲಿಲ್ಲ, ಹೋದದ್ದು ಬರುವುದಿಲ್ಲ. ಸಂರಕ್ಷಿತ ಪ್ರದೇಶದ ಗೆರೆಯನ್ನು ತಿದ್ದಿ ಉತ್ತರದ ಕಂದಕವನ್ನು ಸೇರಿಸಿಕೊಳ್ಳಲಾಗಿದೆ.

ಬೇರೆಯವರಿಗೆ ಉಪಯೋಗವಾಗಬಹುದಾದದ್ದು ಆಳದ ವಿಚಾರ ಎಂದು ನನಗೆ ಅನ್ನಿಸುತ್ತದೆ. ಆಳವನ್ನು ನೆಲದ ಮೇಲ್ಮೈಯಿಂದ ಅಳೆಯುವ ಯಾವ ನಿಯಮವೂ ಉಬ್ಬಿದ ಸ್ಮಾರಕದ ಮೇಲೆ ಕೆಲಸ ಮಾಡುವುದಿಲ್ಲ. ಇದು ಇಂಗ್ಲೆಂಡಿಗೆ ಮಾತ್ರ ಸಲ್ಲುವ ಮಾತಲ್ಲ. ಭಾರತದ 1958ರ ಸ್ಮಾರಕ ಕಾಯ್ದೆಯ 19ನೆಯ ಕಲಂ ಕೂಡ ಸಂರಕ್ಷಿತ ಪ್ರದೇಶದಲ್ಲಿ ಮೇಲ್ಮೈಯಿಂದ ಒಂದು ಅಡಿಯ ಒಳಗಿನ ಬೇಸಾಯಕ್ಕೆ ಅವಕಾಶ ಕೊಡುತ್ತದೆ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳೂ ನವಶಿಲಾಯುಗದವೇ, ಹೊಲಗಳ ನಡುವೆ ಉಬ್ಬಿ ನಿಂತವೇ. ಒಂದು ಅಡಿ ಎಂದರೆ ಯಾವ ವರ್ಷದ ನೆಲದಿಂದ ಒಂದು ಅಡಿ ಎಂದು ಅಲ್ಲಿಯೂ ಕೇಳಬೇಕಾಗುತ್ತದೆ. ಸಮುದ್ರಮಟ್ಟದಿಂದ ಅಳೆದ ಎತ್ತರವೊಂದನ್ನು ಕಡತದಲ್ಲಿ ಬರೆದಿಟ್ಟು, ಐದು ವರ್ಷಕ್ಕೊಮ್ಮೆ ಅಳೆದು ನೋಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಹಳೆಯ ಒಪ್ಪಂದದ ಅವಧಿ ಮುಗಿದಿದೆ, ವರ್ಷದಿಂದ ವರ್ಷಕ್ಕೆ ವಿಸ್ತರಣೆಯಾಗುತ್ತಿದೆ. ರೈತರು ನಿವೃತ್ತರಾಗಿದ್ದಾರೆ. ಬೇಸಾಯ ಈಗ ಅವರ ಮಗಳ ಕೈಯಲ್ಲಿದೆ. ವರ್ಷದ ಲೆಕ್ಕದ ಹಣವನ್ನು ನಂಬಿ ಭೂಮಿ ಬಿಡಲು ಮಗಳಿಗೆ ಇಷ್ಟವಿಲ್ಲ. ಗೇಣಿಯ ಕರಾರನ್ನು ಹೊಸದಾಗಿ ಬರೆಯುವಾಗ ಆ ಪಟ್ಟಿಯನ್ನು ಉಳಬಾರದೆಂಬ ಷರತ್ತನ್ನೂ, ಅದಕ್ಕೆ ತಕ್ಕಂತೆ ಗೇಣಿಯಲ್ಲಿ ಕಡಿತವನ್ನೂ ಸೇರಿಸಿ ಎಂದು ಎಸ್ಟೇಟನ್ನು ಕೇಳಿದ್ದಾರೆ. ಯೋಜನೆ ಇರಲಿ, ಹೋಗಲಿ, ಷರತ್ತು ನಿಲ್ಲಬೇಕು ಎಂಬುದು ಅವರ ಹಟ. ಎಸ್ಟೇಟಿನ ವಕೀಲರು ಕರಡಿನಲ್ಲಿ 'ಸಂರಕ್ಷಿತ ಪ್ರದೇಶ' ಎಂದಷ್ಟೇ ಬರೆದು ಕಳಿಸಿದ್ದರು. ಆಕೆ ಅದನ್ನು ಹೊಡೆದುಹಾಕಿ ಆಯತದ ನಾಲ್ಕು ಮೂಲೆಗಳ ಜಿಪಿಎಸ್ ಅಂಕಿಗಳನ್ನು ಬರೆದು ಹಿಂದಿರುಗಿಸಿದ್ದಾರೆ. ಗೇಣಿಯ ಕಡಿತ ಎಷ್ಟು ಎಂಬುದರ ಮೇಲೆ ಮಾತುಕತೆ ಇನ್ನೂ ನಡೆಯುತ್ತಿದೆ.